ಜೋಕಾಲಿಯ ನಡುವಿನ ಪಟ

ಗಜೇಂದ್ರಗಡದ ಅಣ್ಣ ತೋಟಪ್ಪನಿಗೆ ನರೇಗಲ್ಲಿನಿಂದ ತಂಗಿ ನೀಲವ್ವ ಬರೆಸಿದ ಪತ್ರ. ನಿನ್ನ ಕ್ಷೇಮ ಕೇಳುವುದು ಬೇಡವೆಂದೆ. ರೂಢಿ ತಪ್ಪಬಾರದೆಂದು ಬರೆಯುತ್ತಿರುವ ಮಠದ ಅಯ್ಯನವರೇ ಕೇಳಿದ್ದಾರೆ.

ಚಿತ್ರಗಾರ ಹನುಮಂತಪ್ಪ ನಿನ್ನೆ ಬಂದಿದ್ದ. ಪಡಸಾಲೆಯ ಕಂಬಗಳ ನಡುವೆ ತೂಗುಹಾಕಲೆಂದು ಅವ್ವ ಅವನಿಂದಲೇ ನಮ್ಮ ಮೂವರನ್ನೂ ಮೂರು ಬಟ್ಟೆಗಳ ಮೇಲೆ ಬರೆಸಿದ್ದಳಲ್ಲ. ಪಂಚಮಿ ಜೋಕಾಲಿಯ ಒಂದೇ ಮಣೆ ಮೂರರಲ್ಲೂ ಹಾಯ್ದಿದೆ. ಎರಡು ತುದಿಗೆ ಹಗ್ಗ ಹಿಡಿದು ನಿಂತವರು ನೀನು ಮತ್ತು ತಮ್ಮ ಶಿವನಪ್ಪ. ನಡುವೆ ಕೂತವಳು ನಾನು. ಗಂಡ ಸತ್ತ ಮೇಲೆ ಉಡಿಕಿಯಾಗಿ ಇನ್ನೊಬ್ಬನ ಮನೆ ಸೇರಿದೆನೆಂದು, ನನ್ನ ಮೇಲೆ ಬಣ್ಣ ಬಳಿದು ಬೇವಿನ ಗಿಡ ಬರೆಯಲು ಹೇಳಿದೆಯಂತೆ.

"ಕೈ ಏಳಲಿಲ್ಲರಿ ಅಕ್ಕಾರ, ಪಟಾನ ಹೊತ್ಕೊಂಡು ಬಂದೀನಿ" ಎಂದ. ತಮ್ಮ ಏನೆಂದ ಎಂದು ಕೇಳಿದೆ. "ನೆಲಾ ನೋಡಕೋತ ನಿಂತಿದ್ರು" ಎಂದ.

ನಾನು ರಂಡೆಯಾಗಿದ್ದ ಮೂರು ವರ್ಷ ಪಂಚಮಿಗೆ ಕರೆಯಲು ನಿಮ್ಮಲ್ಲಿ ಒಬ್ಬರೂ ಬರಲಿಲ್ಲ. ಈಗ ಮಾತ್ರ ತಂಗಿಯ ನೆನಪಾಯಿತು.

ನನ್ನ ಪಟದಲ್ಲಿ ಹಗ್ಗವಿರಲಿಲ್ಲ, ಎರಡೂ ನಿಮ್ಮ ಕೈಯಲ್ಲಿದ್ದವು. ಇವತ್ತು ಹನುಮಂತಪ್ಪನನ್ನು ಕೂರಿಸಿ ಎರಡು ಹಗ್ಗ ಬರೆಸಿಕೊಂಡೆ. ಇನ್ನು ನನ್ನ ಮಣೆ ತಾನೇ ತೂಗುತ್ತದೆ. ಪಟವನ್ನು ತಿರುಗಿ ಕೇಳಬೇಡ, ಪಂಚಮಿಗೆ ಕರೆಯಲೂ ಬರಬೇಡ. ಪಡಸಾಲೆಯಲ್ಲಿ ಉಳಿದ ಎರಡು ಪಟ ನೋಡಿಕೊಂಡಿರು. ಒಬ್ಬೊಬ್ಬರಿಗೂ ಮಣೆಯ ಒಂದು ತುಂಡು, ಒಂದೇ ಹಗ್ಗ. ಗಟ್ಟಿಯಾಗಿ ಹಿಡಿದುಕೊಳ್ಳಿರಿ.

ಪಿಂಗಳ ಸಂವತ್ಸರ, ಆಷಾಢ ಬಹುಳ ದಶಮಿ.

ನನಗೆ ಅಕ್ಷರ ಬಾರದ್ದರಿಂದ, ಸಹಿಯ ಬದಲು ಕೈಯಲ್ಲಿರುವ ಹೊಸ ಬಳೆಯನ್ನು ಮಸಿಯಲ್ಲಿ ಅದ್ದಿ ಒತ್ತಿದ್ದೇನೆ.