ನನಗೆ ಉಣಿಸಬೇಡ

ಸ್ನೇಹಲ,
ನಿನ್ನ ಸಣ್ಣ ಮಾವ ಧನಪಾಲನ ಜೋಡಿ ನಿಪ್ಪಾಣಿಗೆ ಕೈ ವ್ಯಾಯಾಮಕ್ಕೆ ಹೊರಟಿದ್ದೇನೆ. ಹಾಲು ಕಾಯಿಸು.

ಇಬ್ಬರಿಗೂ ಒಂದೇ ತಿಂಗಳಲ್ಲಿ ಲಕ್ವಾ ಹೊಡೆಯಿತು. ಅವನ ಕೈ ತಿರುಗಿ ಸ್ವಾಧೀನಕ್ಕೆ ಬಂತು, ನನ್ನದು ಬರಲಿಲ್ಲ. "ವಯಸ್ಸಾದ ಹೆಣ್ಮಕ್ಕಳಿಗೆ ತಡ ಆಕ್ಕೈತ್ರಿ ಆಯಿ, ಕೈ ಸುಮ್ನ ಇಡಬ್ಯಾಡ್ರಿ" ಎಂದರು ಡಾಕ್ಟರು.

ನಮ್ಮ ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಲೆಂದು ನೀನೇ ದಿನಾ ತುತ್ತು ಇಡುತ್ತೀ. ಇನ್ನು ಬೇಡವ್ವಾ. ನಾಲ್ಕಕ್ಕೇ ತಾಟು ಮುಂದಿಡು. ಚೆಲ್ಲಿದರೆ ಬೈಯಬೇಡ. ಅರ್ಧಕ್ಕೆ ಹೊತ್ತು ಮುಳುಗಿದರೆ ಅಷ್ಟಕ್ಕೇ ಏಳುತ್ತೇನೆ.

ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕೈ ಇದು. ಹೋಗಿಯೇಬಿಟ್ಟೀತೆಂದು ಅಂಜಿಕೆ. ಈ ಚೀಟಿಯನ್ನು ಅದೇ ಕೈಯಿಂದ ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಓದಲು ಬಂತೋ ಇಲ್ಲವೋ, ಸಂಜೆಗೆ ಖರೇ ಹೇಳು.

ನಿನ್ನ ಅತ್ತೆ