ಬಲಗಾಲಿನ ಪಾಠ

ಮೂಡಲಕೊಪ್ಪಲು, ಮಂಡ್ಯ ಸೀಮೆ.
ನಮ್ಮ ಲೆಕ್ಕದಲ್ಲಿ ಅಳಿಕೆಯಾದ ಮೇಲಿನ ಎಪ್ಪತ್ತನೆಯ ಮಹಾಲಯ ಅಮಾವಾಸ್ಯೆ. ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿಕೊಂಡು ನಿಲ್ಲುವ, ಅಮೆರಿಕದ ಹಳೇ ದೊಡ್ಡ ಕಾರುಗಳ ಮೋಹ ಹತ್ತಿಸಿಕೊಂಡ ಹಿರಿಯರಿಗೆ ಹೊಂಬಾಳಮ್ಮನ ನಮಸ್ಕಾರಗಳು.

ನನ್ನ ಮಾತು ಒರಟಾಗಿ, ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕನ್ನಡಕ್ಕೂ ನಮ್ಮದಕ್ಕೂ ನಡುವೆ ಇನ್ನೂರು ವರ್ಷ ಹರಿದುಹೋಗಿದೆ. ಕೆಲವು ಪದ ನಿಮಗೆ ಹೊಸದು. ಇನ್ನು ಕೆಲವು ನನಗೇ ಅರ್ಥವಾಗದೆ ಬಾಯಿಪಾಠವಾಗಿ ಬಂದವು. ಸತ್ತವರಿಗೆ ಕಾಗದ ಬರೆಯುವುದು ಯಾವೂರ ಪದ್ಧತಿ ಎಂದು ಕೇಳಬೇಡಿ. ಈವತ್ತು ಹಿರಿಯರ ಹಬ್ಬ. ಹೊಸ ಪಂಚೆ, ಸೀರೆ ಮಡಿಚಿಟ್ಟು, ಮುದ್ದೆ, ಬಾಡಿನ ಸಾರು, ಕಜ್ಜಾಯ, ವಡೆ ಬಡಿಸಿ ನಿಮಗೆ ಎಡೆ ಇಟ್ಟಿದ್ದೇವೆ. ಬಾಗಿಲು ಮುಂದಕ್ಕೆ ಮಾಡಿ ಹೊರಗೆ ಕೂತಿದ್ದೇನೆ. ಬಂದು ವಡೆ ತಿನ್ನಬಲ್ಲವರಿಗೆ ಎಲೆಯ ಪಕ್ಕದಲ್ಲಿಟ್ಟ ಕಾಗದ ಓದುವುದೇನು ಕಷ್ಟ?

ಅಳಿಕೆ ಎಂದರೇನೆಂದು ಮೊದಲು ಹೇಳಬೇಕು. ನೀವು ತಿಳಿದದ್ದನ್ನೆಲ್ಲ ಯಂತ್ರಗಳ ನೆನಪಿಗೆ ಒಪ್ಪಿಸಿ ನಿಶ್ಚಿಂತೆಯಾಗಿದ್ದಿರಿ. ಎಪ್ಪತ್ತು ವರ್ಷದ ಹಿಂದೆ ಆ ನೆನಪು ಒಂದು ಕಡೆಯಿಂದ ಅಳಿಯತೊಡಗಿತು. ಕಾಗದ ಸಿಗುತ್ತಿರಲಿಲ್ಲ, ಬರೆಯುವ ಕೈಗಳೂ ಅಭ್ಯಾಸ ತಪ್ಪಿದ್ದವು. ಹೆದರಿದ ಜನ, ಪೂರಾ ಅಳಿಯುವ ಮೊದಲು ಕಣ್ಣಿಗೆ ಬಿದ್ದದ್ದನ್ನು ಬಾಯಿಪಾಠ ಮಾಡಿಕೊಂಡರು. ಅವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ನಾವು ಕಂಠದವರು ಎನ್ನುತ್ತೇವೆ. ಒಂದು ಮನೆಗೆ ಹೆರಿಗೆಯ ಪಾಠ ಬಂತು, ಒಂದು ಮನೆಗೆ ಬಾವಿ ತೋಡುವ ಪಾಠ. ನಮ್ಮ ಮನೆಗೆ ಬಂದದ್ದು ನಿಮ್ಮ ಕಾರು. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಊರವರು ನಕ್ಕರು. ನಮ್ಮ ಮನೆಯವರು ಪಾಠ ಬಿಡಲಿಲ್ಲ.

ಕಾರೂ ನಮ್ಮಲ್ಲೇ ಇದೆ. ನಿಮ್ಮ ಕಾಲದಲ್ಲಿ ನಮ್ಮ ವಂಶದ ಬೆಲ್ಲದ ವ್ಯಾಪಾರಿಯೊಬ್ಬರು ಹಡಗಿನಲ್ಲಿ ತರಿಸಿದ, ಸಾವಿರದ ಒಂಬೈನೂರ ಅರವತ್ತೊಂಬತ್ತನೇ ಇಸವಿಯ, ಚಾರ್ಜರ್ ಎಂಬ ಹೆಸರಿನ ಹಸಿರು ಕಾರು. ಹೆಡ್‌ಲೈಟುಗಳು ಕಾಣದಂತೆ ಮುಖದ ಜಾಲರಿಯ ಹಿಂದೆ ಅವಿತಿವೆ. ಸ್ಟಿಯರಿಂಗು ಎಡಗಡೆಗೆ. ನಾವು ಓಡಾಡುವುದು ಸಾಲುಗಾಡಿಯಲ್ಲಿ: ಮನೆ ಮುಂದೆ ನಿಂತು ಊರ ಹೆಸರು ಹೇಳಿದರೆ ಬರುತ್ತದೆ, ಹತ್ತಿಸಿಕೊಳ್ಳುತ್ತದೆ, ಇಳಿಸುತ್ತದೆ. ಸದ್ದಿಲ್ಲ, ವಾಸನೆಯಿಲ್ಲ, ಅದನ್ನು ನಡೆಸುವವರೂ ಇಲ್ಲ. ಅಪ್ಪಣೆಯಿಲ್ಲದೆ ಅಂಥ ಗಾಡಿ ತಿರುವಿನಲ್ಲಿ ಒಂದು ಗೇಣು ಆಚೆಗೆ ಹೋಗದು. ಅದರಲ್ಲಿ ಕೂತು ಕಬ್ಬಿನ ಗದ್ದೆ ನೋಡುತ್ತಾ, ಒಬ್ಬ ಮನುಷ್ಯ ಇಷ್ಟು ದೊಡ್ಡ ಶಕ್ತಿಯನ್ನು ತನ್ನ ಇಷ್ಟಕ್ಕೆ ಓಡಿಸುತ್ತಿದ್ದನೇ ಎಂದು ಎಷ್ಟು ಸಲ ಬೆರಗಾಗಿದ್ದೇನೆ. ನಿಮ್ಮ ಹೊಗೆಯ ಫಲವಾದ ಬಿಸಿಲನ್ನು ಇಲ್ಲಿ ಉಣ್ಣುತ್ತಿರುವವರೂ ನಾವೇ. ಆದರೂ ಮೋಹ ಬಿಡದು, ಏನು ಮಾಡಲಿ.

ಈಗ ಜಗಳಕ್ಕೆ ಬರುತ್ತೇನೆ. ನೀವು ಬಿಟ್ಟುಹೋದ ಪಾಠ ಎಂಥದ್ದು ಗೊತ್ತೇ? ಬರೀ ಜಗಳ. ಹಿಂಬದಿಯ ಬಿಳೀ ಪಟ್ಟೆ ಕಾರ್ಖಾನೆಯದೋ, ಆಮೇಲೆ ಬಳಿದದ್ದೋ? ಈ ಹಸಿರು ಆ ವರ್ಷದ್ದೋ, ಹಿಂದಿನ ವರ್ಷದ್ದೋ? ಕಾಲು ಮೈಲಿಯ ಪಂದ್ಯದಲ್ಲಿ ಯಾರ ಗಾಡಿ ಮೊದಲು ಮುಟ್ಟಿತು? ನಮ್ಮ ಮಕ್ಕಳು ಎದುರುಬದುರು ಕೂತು ನಿಮ್ಮ ವಾದ ಒಪ್ಪಿಸುತ್ತಾರೆ. ನಡುನಡುವೆ ‘ನಿನಗೇನು ಗೊತ್ತು, ನಮ್ಮಪ್ಪನ ಹತ್ತಿರವೇ ಅಂಥದ್ದಿತ್ತು’ ಎನ್ನುವುದೂ ಪಾಠದ ಭಾಗವೇ. ಕಬ್ಬಿನ ಸ್ಪಿರಿಟ್ಟಿನಲ್ಲಿ ಓಡಿಸಬೇಕಾದರೆ ಎಂಜಿನ್ನಿಗೆ ಇಂಧನ ಕುಡಿಸುವ ಕಾರ್ಬುರೇಟರಿನ ತೂತುಗಳನ್ನು ಹಿಗ್ಗಿಸಬೇಕು ಎಂಬುದೂ ನಮಗೆ ಗೊತ್ತು, ಏಕೆಂದರೆ ಅದಕ್ಕೂ ನೀವು ಕಚ್ಚಾಡಿದ್ದಿರಿ. ಆದರೆ ತಣ್ಣಗೆ ನಿಂತ ಗಾಡಿಯನ್ನು ಬೆಳಿಗ್ಗೆ ಎಬ್ಬಿಸುವುದು ಹೇಗೆ? ಅದನ್ನು ಒಬ್ಬರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು, ಅದಕ್ಕೇನು ವಾದ ಎಂದು ಬಿಟ್ಟಿರಿ. ಮದುವೆ ಗಲಾಟೆಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ, ಹಾಗಾಯಿತು ನಮ್ಮ ಕಥೆ.

ಈ ಪಾಠವನ್ನು ಕಾಪಾಡಿದವರು ನನ್ನ ಸೋದರತ್ತೆ ಸಣ್ಣತಾಯಮ್ಮ. ಅವರ ಅಜ್ಜಿ ಚಿಕ್ಕಂದಿನಲ್ಲಿ ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತು ತಿರುಗಿದವರು, ಅದರ ಸದ್ದು ಕೇಳಿದ ಕೊನೆಯವರು. ಅತ್ತೆ ಕೇಳಿದವರಲ್ಲ, ಅಜ್ಜಿಯ ಬಾಯಿಂದ ಕಲಿತ ಸದ್ದನ್ನು ತಮ್ಮ ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಎದೆಯಿಂದ ಗುಡುಗುಡು ಎಂದು ಏಳುವುದು, ನಡುವೆ ಒಂದು ಏಟು ತಪ್ಪಿದಂತೆ ತಡೆದು ಮತ್ತೆ ಹಿಡಿಯುವುದು. ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು, ಆದರೆ ಒಂದು ಸಂಶಯ ಅವರನ್ನು ಕೊರೆಯುತ್ತಿತ್ತು. ‘ಜೀವಮಾನವೆಲ್ಲ ನಾನು ಒಪ್ಪಿಸಿದ್ದು ನಿಜವೋ, ನಮ್ಮಜ್ಜಿ ಮಗೂನ ನಗಿಸೋಕೆ ಮಾಡಿದ್ದೋ, ಒಂದೇ ಒಂದು ಸಲ ಕೇಳಿ ಸಾಯಬೇಕು ಕಣೇ ಹೊಂಬಾಳೆ’ ಎನ್ನುತ್ತಿದ್ದರು.

ನಮ್ಮ ಊರಿನ ನೀರು ಹಂಚುವ ಯಜಮಾನರು ಮಾಯಿಗೌಡರು. ಕೆಟ್ಟವರಲ್ಲ. ನಾಲೆಯ ತೂಬಿನ ಬಾಗಿಲುಗಳು ತುಕ್ಕು ತಿಂದು, ಕೊನೆಯ ಗದ್ದೆಗಳಿಗೆ ನೀರು ಹತ್ತುತ್ತಿಲ್ಲ. ಹೊಸ ಕಬ್ಬಿಣ ಎಲ್ಲೂ ಸಿಗದು. ಎರಡು ಬಾಗಿಲಿಗೆ ಆಗುವಷ್ಟು ಕಬ್ಬಿಣ ನಮ್ಮ ಕೊಟ್ಟಿಗೆಯಲ್ಲಿ ಹೂ ಮುಡಿದು ನಿಂತಿದೆ. ಈ ಸಲದ ಆಯುಧಪೂಜೆಯ ದಿನ ಊರೆದುರು ಅದು ಎದ್ದರೆ ಗಾಡಿ, ಏಳದಿದ್ದರೆ ಕಬ್ಬಿಣ ಎಂದು ತೀರ್ಪು ಹೇಳಿದ್ದಾರೆ. ಓಡದ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಯಾಕಮ್ಮ ಎಂದೂ ಕೇಳಿದರು.

ಹೋದ ವರ್ಷವೂ ಎಬ್ಬಿಸಲು ನೋಡಿದೆವು. ನಮ್ಮ ಕ್ರಮ ಹೇಳುತ್ತೇನೆ, ನಗಬೇಡಿ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಗಾಡಿಯ ಬಾಗಿಲ ಬಳಿ ನಿಂತು ಬಲಗಾಲಿನಿಂದ ನೆಲವನ್ನು ಎರಡು ಸಲ ಒತ್ತಬೇಕು. ಅದು ಭೂಮಿತಾಯಿಗೆ ನಮಸ್ಕಾರ. ಆಮೇಲೆ ‘ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು’ ಎಂದು ಒಪ್ಪಿಸಬೇಕು. ಎಂಜಿನ್ನಿನ ಎಂಟು ಕೊಳವೆಗಳಲ್ಲಿ ಕಿಡಿ ಹತ್ತುವ ವರಸೆ ಅದು. ನಂತರ ಒಳಗೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಏಕೆಂದರೆ ಹಿರಿಯರ ವಸ್ತುವಿಗೆ ಕಾಲು ತಾಕಬಾರದು. ಕೆಳಗೆ ಬಲಕ್ಕಿರುವ ಪೆಡಲ್ಲಿಗೆ ಗಾಡಿಯ ಪಾದ ಎಂದು ಅರಿಸಿನ ಕುಂಕುಮ ಹಚ್ಚುತ್ತೇವೆ. ಅದನ್ನು ಒತ್ತಿದರೆ ವೇಗ ಎಂದು ಪಾಠದಲ್ಲಿದೆ. ಇನ್ನೂ ಏಳದ ಗಾಡಿಗೆ ವೇಗ ಯಾಕೆ ಎಂದು ಅದನ್ನು ಮುಟ್ಟಿರಲಿಲ್ಲ. ನನ್ನ ತಮ್ಮ ಚನ್ನಿಗ ಹೀಗೆ ಕೂತು ಕೀಲಿ ತಿರುಗಿಸಿದ. ಎಂಜಿನ್ ಒದ್ದಾಡಿತು, ಒಂದೆರಡು ಸಲ ಕೆಮ್ಮಿತು, ನಿಂತುಹೋಯಿತು. ಬ್ಯಾಟರಿ ಸೋಲುವವರೆಗೂ ತಿರುಗಿಸಿದ. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕೂತವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗಡೆ ಪೂರ್ತಿ ಬಿದ್ದಿದೆ, ನಾಲಿಗೆ ಹೊರಳುವುದಿಲ್ಲ. ಕಿವಿ ಚೆನ್ನಾಗಿದೆ. ಬಲಗಾಲು ಆಡುತ್ತದೆ.

ಈವತ್ತು ಬೆಳಿಗ್ಗೆ ಹಬ್ಬಕ್ಕೆಂದು ಅವರ ಕಾಲು ತೊಳೆಯುತ್ತಿದ್ದೆ. ಎಡೆಯ ಹತ್ತಿರ ಚನ್ನಿಗನ ಮಗಳು ‘ಒಂದು, ಎಂಟು’ ಎಂದು ಪಾಠ ಶುರುಮಾಡಿದಳು. ಅತ್ತೆಯ ಬಲಪಾದ ನನ್ನ ಅಂಗೈಯನ್ನು ಒತ್ತಿತು. ಮೊದಲ ಸಲ ಮೆಲ್ಲಗೆ, ತಳ ಸಿಗುವವರೆಗೆ. ಸ್ವಲ್ಪ ತಡೆದು, ಬಿಟ್ಟು, ಮತ್ತೊಂದು ಸಲ, ಅರ್ಧಕ್ಕೆ. ನಾವೆಲ್ಲ ದಬದಬ ಎಂದು ನೆಲಕ್ಕೆ ಬಡಿಯುವಾಗ ಅವರು ‘ನಿಧಾನ, ನಿಧಾನ’ ಎಂದು ಬೈಯುತ್ತಿದ್ದದ್ದು ನೆನಪಾಯಿತು. ಯಾಕೆ ನಿಧಾನ ಎಂದರೆ, ನಮ್ಮಜ್ಜಿ ಹೀಗೇ ಮಾಡುತ್ತಿದ್ದರು ಎಂದಷ್ಟೇ ಹೇಳುತ್ತಿದ್ದರು. ನೆಲವನ್ನು ಯಾರೂ ಹಾಗೆ ಒತ್ತುವುದಿಲ್ಲ, ಸ್ವಾಮಿ. ಕೆಳಗೆ ಹೋಗಿ ಮೇಲೆ ಬರುವಂಥದ್ದನ್ನು ಹಾಗೆ ಒತ್ತುತ್ತಾರೆ. ಅಜ್ಜಿ ಪಕ್ಕದ ಸೀಟಿನಿಂದ ನೋಡಿ ಕಲಿತದ್ದು ಗಾಡಿ ಓಡಿಸುವವರ ಕಾಲನ್ನು.

ಒದ್ದೆ ಕೈಯಲ್ಲೇ ಕೊಟ್ಟಿಗೆಗೆ ಓಡಿದೆ. ಪೆಡಲ್ಲಿನ ಹಿಂದಿನಿಂದ ಹೊರಟ ಸಲಾಕೆಯನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋದೆ. ಅದು ನೇರವಾಗಿ ಕಾರ್ಬುರೇಟರಿಗೆ ಹೋಗಿ ನಿಂತಿತು. ಗಾಡಿ ಏಳುವ ಮೊದಲೇ ಅದಕ್ಕೆ ಒಂದು ಗುಟುಕು ಕುಡಿಸಬೇಕಿತ್ತು. ಇಷ್ಟು ವರ್ಷ ಕುಂಕುಮ ಹಚ್ಚಿದ ಜಾಗದಲ್ಲಿ ಕಾಲಿಡಬೇಕಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಅಲ್ಲೇ ಕೂತು ‘ಅತ್ತೆ, ಅತ್ತೆ’ ಎನ್ನುತ್ತಾ ಅತ್ತುಬಿಟ್ಟೆ.

ಆದರೂ ಖಾತ್ರಿಯಿಲ್ಲ, ಭಯವಾಗಿದೆ. ಈ ಸಲ ಊರವರು ಕೊಟ್ಟಿರುವುದು ಒಂದೇ ಒಂದು ಚೊಂಬು ಸ್ಪಿರಿಟ್. ಹೆಚ್ಚು ಕುಡಿಸಿದರೆ ಎಂಜಿನ್ ಇಂಧನದಲ್ಲೇ ಮುಳುಗಿ ಏಳುವುದಿಲ್ಲ ಎಂದು ನಿಮ್ಮ ಜಗಳದಲ್ಲೇ ಇದೆ. ಕೈಯಲ್ಲಿ ಒತ್ತಿ ನೋಡು ಎನ್ನಬಹುದು. ಎಷ್ಟು ಆಳ, ಎಷ್ಟು ಮೆಲ್ಲಗೆ, ನಡುವೆ ಎಷ್ಟು ಬಿಡುವು ಎಂಬುದು ನನ್ನ ಕೈಗೆ ಗೊತ್ತಿಲ್ಲ, ಅವರ ಕಾಲಿಗೆ ಗೊತ್ತು. ಹಾಗಾಗಿ ಆಯುಧಪೂಜೆಯ ದಿನ ಅತ್ತೆಯನ್ನು ಎತ್ತಿಕೊಂಡು ಹೋಗಿ ಸ್ಟಿಯರಿಂಗಿನ ಮುಂದೆ ಕೂರಿಸುತ್ತೇನೆ. ಕುಂಕುಮ ಒರೆಸಿ, ಆ ಪಾದದ ಮೇಲೆ ಅವರ ಪಾದ ಇಡುತ್ತೇನೆ. ಪಕ್ಕದ ಸೀಟಿನಿಂದ ಕೈ ಚಾಚಿ ಕೀಲಿ ನಾನೇ ತಿರುಗಿಸುತ್ತೇನೆ. ಕಂಠದವರ ಮನೆಯವಳೇ ಹಿರಿಯರ ವಸ್ತು ತುಳಿಸಿದಳು ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ನಿಮ್ಮ ಅಪ್ಪಣೆಯೊಂದಿದ್ದರೆ ಸಾಕು. ನೀವೂ ಅದನ್ನು ತುಳಿಯುತ್ತಿದ್ದಿರಿ ತಾನೇ? ಚಪ್ಪಲಿ ಹಾಕಿಕೊಂಡೇ ತುಳಿಯುತ್ತಿದ್ದಿರಿ, ಅಲ್ಲವೇ?

ಗಾಡಿ ಎದ್ದರೆ, ಆ ಒಂದು ಗಳಿಗೆ ಪಟ್ಟೆ, ಬಣ್ಣ ಎಂದು ನಿಮ್ಮನಿಮ್ಮಲ್ಲಿ ಕಿತ್ತಾಡದೆ ಸುಮ್ಮನೆ ಅತ್ತೆಯ ಜೊತೆ ಕಿವಿಗೊಡಿ. ಏಳದಿದ್ದರೆ ಕಬ್ಬಿಣ ನಾಲೆಗೆ ಹೋಗುತ್ತದೆ, ಕೊನೆಯ ಗದ್ದೆಗೆ ನೀರು ಹತ್ತುತ್ತದೆ, ನಾನು ಅಡ್ಡ ನಿಲ್ಲುವುದಿಲ್ಲ. ನಿಮ್ಮಲ್ಲಿ ಬೇಡುವುದು ಇಷ್ಟೇ. ಈ ಕಾಗದ ನಿಮ್ಮ ಕಾಲಕ್ಕೇ ಬಂದು ಮುಟ್ಟಿದರೆ, ನೀವು ಇದನ್ನು ಓದುವಾಗ ನಿಮ್ಮ ಗಾಡಿಗಳು ಇನ್ನೂ ಓಡುತ್ತಿರುತ್ತವೆ. ನಾಳೆ ಬೆಳಿಗ್ಗೆ ಎಬ್ಬಿಸುವಾಗ ಪಕ್ಕದಲ್ಲಿ ನಿಂತವರನ್ನು ಕರೆದು, ಕಾಲು ತೋರಿಸಿ, ಹೀಗೆ ಒತ್ತುತ್ತೇನೆ ನೋಡಿ ಎಂದು ಬಾಯಿ ಬಿಟ್ಟು ಹೇಳಿ. ಅದೇನು ಹೇಳುವ ವಿಷಯವೇ ಎಂದು ಅವರು ನಕ್ಕರೂ ಹೇಳಿ. ನಿಮ್ಮಲ್ಲಿ ಒಬ್ಬರು ಅಷ್ಟು ಹೇಳಿದ್ದರೆ, ನಮ್ಮತ್ತೆ ಆ ಸದ್ದನ್ನು ಹುಡುಗಿಯಾಗಿದ್ದಾಗಲೇ ಕೇಳಿರುತ್ತಿದ್ದರು.

ಎಡೆ ಆರುವ ಮೊದಲು ಊಟ ಮಾಡಿ.

ಹೊಂಬಾಳಮ್ಮ