ಹನ್ನೊಂದು ಕೀಲಿಕೈ

ದಡ್ಡಿ, ತಾಲೂಕು ಹುಕ್ಕೇರಿ
೯ ಆಗಸ್ಟ್ ೨೦೨೪, ಪಂಚಮಿ

ಗೆಳತಿ ಶೆಟ್ಟೆವ್ವಳಿಗೆ ದಾಕ್ಷಾಯಿಣಿಯ ಶರಣು.

ನಿನ್ನ ಮೊಣಕಾಲು ಹೇಗಿದೆ? ಪುಣೆಯಲ್ಲಿ ಮಗಳ ಮನೆಯ ಆ ಮೂರು ಮಹಡಿ ಇಳಿದು ಇನ್ನೂ ಅಡುಗೆ ಕೆಲಸಕ್ಕೆ ಹೋಗುತ್ತಿದ್ದೀಯಾ? ಎರಡು ವಾರದಿಂದ ಬರೆಯುತ್ತೇನೆ ಬರೆಯುತ್ತೇನೆ ಅನ್ನುತ್ತಲೇ ದಿನ ತಳ್ಳಿದ್ದೇನೆ, ಸಿಟ್ಟಾಗಬೇಡ. ಹೊಳೆ ಬಂದಾಗಿನಿಂದ ನೀನು ದಿನಾ ಫೋನು ಮಾಡುತ್ತೀಯ. ನಾನು "ಎಲ್ಲಾ ಆರಾಮ ಐತಿ, ನಿನ್ನ ಸೊಸಿ ಉಂಡು ಮಲಗ್ಯಾಳ" ಎಂದು ಇಟ್ಟುಬಿಡುತ್ತೇನೆ. ನಿನ್ನೆ ನೀನು, "ದಾಕ್ಷಾಯಿಣಿ, ನೀ ಇದ್ದಿ ಅಂತ ನನ್ನ ಸೊಸಿ ಉಳದ್ಲು, ನಿನ್ನ ಕಾಲಿಗೆ ಬೀಳಬೇಕು" ಎಂದು ಅತ್ತೆಯಲ್ಲ, ಆಮೇಲೆ ನನಗೆ ಊಟ ಸೇರಲಿಲ್ಲ. ಅದಕ್ಕೇ ಕಾಗದ. ಫೋನಿನಲ್ಲಿ ನೀನು ಅಳುವುದು ಕೇಳಿದರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಹೇಳಬೇಕಾದದ್ದು ಆ ಉಳಿದ ಅರ್ಧದಲ್ಲಿದೆ.

ಮೊದಲು ನಿನ್ನ ಸೊಸೆ ರಾಧಿಕಾಳ ಸುದ್ದಿ. ನೀರಿಳಿದ ಮೇಲೆ ಇಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಜ್ವರ ಬಿಟ್ಟಿದೆ. ಹಂಚು ಕೊಯ್ದ ಅಂಗೈ ಗಾಯ ಒಣಗುತ್ತಿದೆ. ಇವತ್ತು ಪಂಚಮಿಯೆಂದು ಶೇಂಗಾ ಉಂಡಿ ಕಟ್ಟಿದ್ದೆ, ಎರಡು ತಿಂದಳು. ಆದರೆ ಒಳಗಿನ ಕೋಣೆಗೆ ಬರುವುದಿಲ್ಲ. ಹೊಸ್ತಿಲ ಹತ್ತಿರವೇ ಕೂರುತ್ತಾಳೆ, ಅಲ್ಲೇ ಮಲಗುತ್ತಾಳೆ. ಅಗುಳಿ ಹಾಕಲು ಹೋದರೆ ಕೈ ಹಿಡಿಯುತ್ತಾಳೆ. ಖರೆ ಹೇಳಬೇಕೆಂದರೆ ನನಗೂ ಈಗ ಬಾಗಿಲು ಹಾಕಿಕೊಳ್ಳಲು ಅಂಜಿಕೆ.

ನನಗೆ ಭಯವಾಗುತ್ತಿದೆ, ಶೆಟ್ಟೆವ್ವ. ನನ್ನ ಕಟ್ಟೆಯ ಮೇಲೆ ನಿಂತರೆ ಹೊಳೆಯ ಮೆಟ್ಟಿಲು ಕಾಣುತ್ತವೆ, ನಿನಗೆ ಗೊತ್ತು. ಬೆಳಗ್ಗೆ ಐದು ಮೆಟ್ಟಿಲು ಬರಿದಿದ್ದವು, ಈ ಸಾಲು ಬರೆಯುವಾಗ ಮೂರು. ಘಟ್ಟದಲ್ಲಿ ಮತ್ತೆ ಮಳೆಯಂತೆ. ಮೇಲಿನಿಂದ ಹೊಳೆ ಬರುತ್ತದೆ, ಕೆಳಗಿನಿಂದ ಡ್ಯಾಮಿನ ಹಿನ್ನೀರು ಬರುತ್ತದೆ, ನಡುವೆ ನಮ್ಮ ಹೊಳಿ ಓಣಿ. ಅರವತ್ತಾರು ವರ್ಷ ಈ ನೀರು ನೋಡಿದ್ದೇನೆ, ಅಂಜಿರಲಿಲ್ಲ. ಈಗ ತಂಬಿಗೆಗೆ ನೀರು ಬೀಳುವ ಸಪ್ಪಳಕ್ಕೂ ಎದ್ದು ನಿಲ್ಲುತ್ತೇನೆ.

ನಮ್ಮ ಮನೆಯ ಕ್ಯಾಲೆಂಡರಿನ ಬಾಜೂ ಮೊಳೆಯಲ್ಲಿ ಹನ್ನೊಂದು ಕೀಲಿಕೈಗಳಿವೆ. ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ ಹೆಸರು ಬರೆದಿದ್ದೇನೆ. ಓಣಿಯ ಹತ್ತೊಂಬತ್ತು ಮನೆಯಲ್ಲಿ ಹನ್ನೊಂದು! ಊರು ಬಿಟ್ಟವರೆಲ್ಲ ಹೋಗುವ ಮುಂಚೆ ನನ್ನ ಕೈಗೆ ಕೊಟ್ಟು ಹೋದರು. ಸಾಲಿ ಕಲಿಸಿದ ಅಕ್ಕೋರ ಕಡೆ ಇದ್ದರೆ ಚಿಂತೆಯಿಲ್ಲ ಎಂದು. ನನಗೂ ಅದರಲ್ಲಿ ಒಂದು ಹಮ್ಮಿತ್ತು, ಸುಳ್ಳೇಕೆ ಹೇಳಲಿ.

ನಾವು ಹುಡುಗಿಯರಿದ್ದಾಗ ಈ ಓಣಿಯಲ್ಲಿ ಕೀಲಿ ಹಾಕುವ ಮನೆ ಎಲ್ಲಿತ್ತು? ನಿನ್ನಪ್ಪ ಖಂಡೆಪ್ಪ ಕಾಕಾ ಗೋಕಾಕ ಫಾಲ್ಸಿನ ಗಿರಣಿಗೆ ದುಡಿಯಲು ಹೋಗುತ್ತಿದ್ದ. ಸೂಟಿ ದಿನ ಬಂದರೆ ಅಂಗಿಗೆ ಹತ್ತಿಯ ಎಳೆ ಅಂಟಿರುತ್ತಿತ್ತು, ನಾವು ಅದನ್ನು ಆರಿಸುತ್ತ ಅವನ ಸುತ್ತ ತಿರುಗುತ್ತಿದ್ದೆವು. ಅವನು ಊರ ಹೊರಗೆ ದುಡಿದ, ಊರು ಬಿಡಲಿಲ್ಲ. ಮತ್ತೆ, ಓಣಿಗೆ ಹೊಸ ಬೆಕ್ಕು ಬಂದರೂ ಆರು ಜನ ಹೆಂಗಸರು ಯಾರ ಮನೆಯದೆಂದು ಕೇಳುತ್ತಿದ್ದರು. ಕಳೆದ ತಿಂಗಳು ಒಬ್ಬ ಹೆಣ್ಣುಮಗಳು ಎರಡು ದಿನ ಓಣಿಯಲ್ಲಿದ್ದಳು, ಕೇಳುವವರು ಒಬ್ಬರೂ ಇರಲಿಲ್ಲ.

೨೦೧೯ರ ಹೊಳೆ ಬಂದು ಹೋದ ಮೇಲೆ ಹೇಗೆ ಒಂದೊಂದೇ ಬಾಗಿಲು ಮುಚ್ಚಿತು, ನೀನೂ ನೋಡಿದ್ದೀಯ. ಲಕ್ಕಪ್ಪನ ಹೊಲದಲ್ಲಿ ಮೊಳಕಾಲುದ್ದ ಉಸುಕು ಕೂತಿತು. ಮೊದಲು ಹುಕ್ಕೇರಿ ಸಂತೆಯಲ್ಲಿ ಹಮಾಲಿ ಮಾಡಿದ, ಆಮೇಲೆ ಮೂಡಲಗಿಯಲ್ಲಿ ಬಾಡಿಗೆ ಮನೆ ಹಿಡಿದ, ಈಗ ಇಚಲಕರಂಜಿಯ ಮಗ್ಗದಲ್ಲಿದ್ದಾನೆ. ಯಾರೂ ಒಂದೇ ಜಿಗಿತಕ್ಕೆ ಪುಣೆಗೆ ಹಾರಲಿಲ್ಲ. ಬಸವಣ್ಣೆಪ್ಪನ ಮಗನಿಗೆ ಹೊಳಿ ಓಣಿಯವನೆಂದು ಯಾರೂ ಹೆಣ್ಣು ಕೊಡಲಿಲ್ಲ, ಗೋಕಾಕಕ್ಕೆ ಹೋಗಿ ಬಟ್ಟೆ ಅಂಗಡಿ ಸೇರಿದ ಮೇಲೆ ಕೊಟ್ಟರು. ಎತ್ತರದಲ್ಲಿ ಮನೆ ಕಟ್ಟಲು ಜಾಗ ಕೊಡುತ್ತೇವೆಂದು ಸರಕಾರದವರು ಮಾಳದಲ್ಲಿ ನಂಬರಿನ ಕಲ್ಲು ನೆಟ್ಟರಲ್ಲ, ಐದು ವರ್ಷದ ಮಳೆಗೆ ಆ ನಂಬರುಗಳೇ ಅಳಿಸಿಹೋಗಿವೆ. ನಾನು ನಲವತ್ತೊಂದು ಅರ್ಜಿ ಬರೆದೆ. ಕೊನೆಗೊಬ್ಬ ಸಾಹೇಬರು ಚಹಾ ತರಿಸಿ, "ಅಕ್ಕೋರ, ನೀವು ಭಾಳ ಚೊಲೋ ಬರೀತೀರಿ ನೋಡ್ರಿ, ಅಕ್ಷರ ಮುತ್ತಿನಂಗ ಅದಾವು" ಎಂದರು. ಅಷ್ಟೇ.

ಅವರ ಮೇಲೆ ಇದ್ದ ಸಿಟ್ಟು ಅವರಿಗೆ ಮುಟ್ಟಲಿಲ್ಲ. ಅದನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಗಂಟು ಹೊತ್ತು ನಿಂತವರ ಮೇಲೆ ಸುರಿದೆ. ಹೋದ ದೀಪಾವಳಿಯ ಮೇಲೆ ನಿನ್ನ ಮಗ ಮಹಾಂತೇಶ, ರಾಧಿಕಾ ಇಬ್ಬರೂ ಪುಣೆಯ ಕಟ್ಟಡದ ಕೆಲಸಕ್ಕೆಂದು ಹೊರಟ ದಿನ ನೀನಿರಲಿಲ್ಲ, ಆಗಲೇ ಮಗಳ ಮನೆಗೆ ಹೋಗಿದ್ದೆ. ರಾಧಿಕಾ ಕೀಲಿಕೈ ಕೊಡಲು ಬಂದು ನನ್ನ ಕಾಲು ಮುಟ್ಟಿದಳು. ನಾನು ಏನಂದೆ ಗೊತ್ತೇ?

"ಹೋಗ್ರಿ, ಎಲ್ಲಾರೂ ಹೋಗ್ರಿ. ಹುಟ್ಟಿದ ಊರು ನಿಮಗ ಕಾಲಾನ ಕೆಸರು. ಆದ್ರ ಒಂದು ಕೇಳ್ರಿ, ಅಲ್ಲಿ ಸೋತು ಬಂದ್ರ ಈ ಕೀಲಿಕೈ ಕೇಳಾಕ ನನ್ನ ಮುಂದ ಬಂದು ನಿಂದರಬ್ಯಾಡ್ರಿ."

ಮಹಾಂತೇಶ ನಕ್ಕ. "ಹಂಗಾರ ಹಿತ್ತಲ ಬಾಗಲಲೇ ಬರ್ತೀವಿ ಬಿಡ್ರಿ ಅಕ್ಕೋರ" ಎಂದ. ಬಸ್ಸಿಗೆ ಕಾದಿದ್ದವರೂ ನಕ್ಕರು. ರಾಧಿಕಾ ನಗಲಿಲ್ಲ.

ಮುಂದಿನದು ನಿನಗೆ ತುಂಡು ತುಂಡಾಗಿ ಗೊತ್ತು. ಕಟ್ಟಡದ ಕೆಲಸ ನಿಂತಿತು, ಅವರಿದ್ದ ತಗಡಿನ ಶೆಡ್ಡು ಎರಡು ದಿನದಲ್ಲಿ ಖಾಲಿ ಮಾಡಿ ಎಂದರು. ಗುತ್ತಿಗೆದಾರ ಗಂಡಸರನ್ನಷ್ಟೇ ಬೇರೆ ಕಡೆ ಕರೆದೊಯ್ದ, ಹೆಂಗಸರಿಗೆ ಇರಲು ಜಾಗವಿಲ್ಲ ಎಂದ. ನಿನ್ನ ಮಗಳ ಮನೆಯಲ್ಲಿ ಆಗಲೇ ಏಳು ಜನ. ಹೀಗಾಗಿ ರಾಧಿಕಾ ಊರಿನ ಬಸ್ಸು ಹತ್ತಿದಳು. ನಿನಗೆ ಫೋನಿನಲ್ಲಿ, "ಅಕ್ಕೋರ ಕಡೆ ಕೀಲಿಕೈ ಇಸ್ಕೊಂಡೆರಿ ಅತ್ತಿ" ಎಂದಳಂತೆ. ಇಸಿದುಕೊಂಡಿರಲಿಲ್ಲ. ಊರಿಗಿಂತ ಒಂದು ಸ್ಟಾಪು ಮುಂಚೆಯೇ ಇಳಿದು, ಕಬ್ಬಿನ ಬದುವಿನ ಮೇಲೆ ನಡೆದು, ಹೊಳೆಯ ಕಡೆಯಿಂದ ನಿನ್ನ ಹಿತ್ತಲಿಗೆ ಬಂದಳು. ಹಿತ್ತಲ ಬಾಗಿಲಿನ ಸಂದಿಯಲ್ಲಿ ಕಡ್ಡಿ ತೂರಿಸಿ ಅಗುಳಿ ಎತ್ತಿ ಒಳಗೆ ಹೋದಳು. ಮುಂಬಾಗಿಲಿಗೆ ಹೊರಗಿನಿಂದ ಹಾಕಿದ ಕೀಲಿ ಹಾಗೇ ಇತ್ತು. ಒಲೆ ಹಚ್ಚಲಿಲ್ಲ, ಹೊಗೆ ಕಾಣುತ್ತದೆಂದು. ಅವಲಕ್ಕಿ ನೆನೆಸಿ ತಿಂದಳು. ಕರೆಂಟು ಎಂದೋ ಕತ್ತರಿಸಿದ್ದರು, ಫೋನು ಮರುದಿನವೇ ಸತ್ತಿತು.

ಜುಲೈ ಇಪ್ಪತ್ತೇಳು, ಶನಿವಾರ. ಬೆಳಗ್ಗೆ ಹೊಳೆ ಓಣಿಯೊಳಗೆ ಬಂತು. ಹನ್ನೊಂದರ ಸುಮಾರಿಗೆ ಭೀಮೇಶನ ದೋಣಿ ಬಂದು ನಮ್ಮನ್ನೆಲ್ಲ ಹತ್ತಿಸಿಕೊಂಡು ಎತ್ತರದಲ್ಲಿರುವ ಕನ್ನಡ ಸಾಲಿಗೆ ಬಿಟ್ಟಿತು. ಮೂರರ ಹೊತ್ತಿಗೆ ಅಲ್ಲಿ ಅನ್ನ ಸಾರು ಬಡಿಸುತ್ತಿದ್ದರು. ಹಿಂದಿನ ಮನೆಯ ಕರೆವ್ವ ನನ್ನ ಪಕ್ಕ ಕೂತು ಉಣ್ಣುತ್ತ, "ಅಕ್ಕೋರ, ನಿಮ್ಮ ಹಸರ ಸೀರಿ ಹೊಳ್ಯಾಗ ಹೋಗಿರ್ಬೇಕರಿ" ಎಂದಳು.

"ನನ್ನ ಕಡೆ ಹಸರ ಸೀರಿ ಎಲ್ಲೈತಿ ಬೇ?"

"ಅಯ್ಯ, ಮೊನ್ನಿ ಶೆಟ್ಟೆವ್ವನ ಹಿತ್ತಲದಾಗ ಒಣಗಾಕ ಹಾಕಿತ್ತಲ್ಲರಿ! ಕೀಲಿಕೈ ನಿಮ್ಮ ಕಡೆ ಐತಿ, ನೀವ ಹಾಕಿರ್ಬೇಕು ಅನ್ಕೊಂಡೆ."

ದೀಪಾವಳಿಯ ಮೇಲೆ ಬಸ್ಸು ಹತ್ತಿದ ದಿನ ರಾಧಿಕಾ ಹಸಿರು ಸೀರೆ ಉಟ್ಟಿದ್ದಳು. ಆಗಲೇ ನಿನಗೆ ಫೋನು ಮಾಡಿ ರಾಧಿಕಾ ಎಲ್ಲಿದ್ದಾಳೆಂದು ಕೇಳಿದ್ದು. ನೀನು ನಗುತ್ತಲೇ, "ನಿನ್ನ ಕಡೇನ ಅದಾಳಲ್ಲ, ನನ್ನ ಕೇಳಾಕತ್ತಿ?" ಎಂದೆ. ನಾನು ಫೋನು ಇಟ್ಟು ಭೀಮೇಶನ ಕಡೆ ಓಡಿದೆ.

ಭೀಮೇಶ ಒಪ್ಪಲಿಲ್ಲ. "ಸೆಳವು ಭಾಳ ಐತ್ರಿ ಅಕ್ಕೋರ, ದೋಣಿ ನಿಲ್ಲೂದಿಲ್ಲ." ನಾನು ಅವನ ಅಂಗಿಯ ಕಾಲರು ಹಿಡಿದೆ. "ಮೂರನೇತ್ತಾ ಸಾಲ್ಯಾಗ ನಿನಗ ಯಾರು ಕಲಿಸಿದ್ರೋ? ನಾ ಕಲಿಸೇನಿ. ನಡಿ!" ಎಂದು ಚೀರಿದೆ. ಅವನು ಹೊರಟ, ನಾನೂ ಹತ್ತಿದೆ. ನಿನ್ನ ಮನೆಯ ಮುಂಬಾಗಿಲು ಕಾಣುತ್ತಿರಲಿಲ್ಲ, ಚೌಕಟ್ಟಿನ ಮೇಲಿನ ಗಣಪತಿಯಷ್ಟೇ ನೀರಿನ ಮೇಲಿದ್ದ. ಹಿತ್ತಲ ಕಡೆ ಹೊಳೆಯೇ ಹರಿಯುತ್ತಿತ್ತು. ಮಾಳಿಗೆಯ ಹಂಚು ನಾಲ್ಕು ಸರಿದಿದ್ದವು. ಆ ಸಂದಿಯಲ್ಲಿ ಒಂದು ಕೈ. ಬೆರಳು ಅಲ್ಲಾಡುತ್ತಿರಲಿಲ್ಲ. ಭೀಮೇಶ ಹಂಚು ಒಡೆದು ಅವಳನ್ನು ಮೇಲಕ್ಕೆಳೆಯಹೋದಾಗ ಅವಳು ಅಟ್ಟದ ತೊಲೆಗೆ ತನ್ನನ್ನು ಸೀರೆಯಿಂದ ಕಟ್ಟಿಕೊಂಡಿದ್ದಳು. ಅದೇ ಹಸಿರು ಸೀರೆ.

ಊರಲ್ಲಿ ಎಲ್ಲರ ಬಾಯಲ್ಲಿರುವುದು ಇಷ್ಟೇ. ಅದಕ್ಕೇ ಮರುವಾರ ಸಾಲಿಯ ಅಂಗಳದಲ್ಲಿ ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ.

ಈಗ ಉಳಿದ ಅರ್ಧ. ಬೆಳಗಿನ ದೋಣಿ ನಿನ್ನ ಮನೆಯ ಮುಂದೆ ನಿಂತಿತ್ತು, ಶೆಟ್ಟೆವ್ವ. ಭೀಮೇಶ ದೋಣಿ ನೂಕುವ ಜಲ್ಲೆಯನ್ನು ನಿನ್ನ ಕಟ್ಟೆಗೆ ಊರಿ, "ಅಕ್ಕೋರ, ಇದರಾಗ ಯಾರರ ಅದಾರೇನ್ರಿ? ಬಾಗಲಾ ಬಡದು ನೋಡ್ಲ್ಯಾ?" ಎಂದು ಕೇಳಿದ. ನಾನು ಚೀಲದಿಂದ ಕೀಲಿಕೈ ಗೊಂಚಲು ತೆಗೆದು ಅವನ ಮುಖಕ್ಕೆ ಹಿಡಿದೆ. "ಯಾರೂ ಇಲ್ಲ. ಇದು ಊರ ಬಿಟ್ಟವರ ಮನಿ. ಹೊತ್ತ ಕಳೀಬ್ಯಾಡ, ನಡಿ" ಎಂದೆ. ದೊಡ್ಡ ದನಿಯಲ್ಲೇ ಎಂದೆ, ದೋಣಿಯಲ್ಲಿದ್ದ ಎಲ್ಲರಿಗೂ ಕೇಳಲಿ ಎಂದು. ಅವನು ಜಲ್ಲೆ ಕಿತ್ತ. ಅಲ್ಲಿಂದ ನಾನು ಮತ್ತೆ ಬರುವ ತನಕ ನಾಲ್ಕು ತಾಸಿಗೂ ಹೆಚ್ಚು.

ಇದನ್ನು ಭೀಮೇಶ ಯಾರಿಗೂ ಹೇಳಿಲ್ಲ, ದೋಣಿಯಲ್ಲಿದ್ದವರೂ ಆ ಮಾತು ಎತ್ತಿಲ್ಲ. ನಾನು ಹೇಳದಿದ್ದರೆ ನಿನಗೆ ಗೊತ್ತಾಗುತ್ತಲೂ ಇರಲಿಲ್ಲ. ನಿನ್ನ ಮುಂದೆ ಒಳ್ಳೆಯವಳಾಗಿ ಉಳಿಯಲು ಹದಿಮೂರು ದಿನ ಸುಮ್ಮನಿದ್ದೆ.

ಇವತ್ತು ಮೆಟ್ಟಿಲು ಮುಳುಗತೊಡಗಿದ್ದನ್ನು ಕಂಡು ಗೊಂಚಲು ಹಿಡಿದು ಹೊರಟೆ. ಒಂದೊಂದೇ ಮನೆ. ಕೀಲಿ ತೆಗೆಯುವ ಮುಂಚೆ ಬಾಗಿಲು ಬಡಿದು, "ಯಾರರ ಅದೀರೇನ್ರಿ? ನಾ ಬೈಯೂದಿಲ್ಲ, ಹೊರಗ ಬರ್ರಿ" ಎಂದು ಕೂಗಿದೆ. ಲಕ್ಕಪ್ಪನ ಮನೆಯಲ್ಲಿ ಗೋಡೆಗೆ ತೊಟ್ಟಿಲು ಆನಿಸಿದ್ದಾರೆ, ಒಳಗೆ ಕೆಸರು. ಬಸವಣ್ಣೆಪ್ಪನ ಮನೆಯಲ್ಲಿ ಕೆಸರು ಮೆತ್ತಿ ಒಣಗಿದ ಮೂರು ವರ್ಷದ ಹಿಂದಿನ ಕ್ಯಾಲೆಂಡರು ಗಾಳಿಗೆ ಪಟಪಟ ಎಂದಾಗ ಮತ್ತೊಮ್ಮೆ ಕೂಗಿದೆ. ಒಂದೊಂದು ಕೋಣೆಯ ಕತ್ತಲಿಗೂ ಕೈ ಚಾಚಿ ಹುಡುಕಿದೆ, ಅಟ್ಟದ ಮೇಲೂ ನೋಡಿದೆ. ಯಾರೂ ಇರಲಿಲ್ಲ. ಯಾವ ಮನೆಗೂ ಮತ್ತೆ ಕೀಲಿ ಹಾಕಿಲ್ಲ. ಹನ್ನೊಂದೂ ಬಾಗಿಲು ತೆರೆದೇ ಇವೆ. ಕರೆವ್ವ ನೋಡಿ, "ಅಕ್ಕೋರಿಗೆ ತಲಿ ತಿರಗೇತಿ" ಎಂದಳು. ಅನ್ನಲಿ.

ಮಹಾಂತೇಶ ಫೋನು ಮಾಡಿದ್ದ. ಪುಣೆ ಬಾಜೂದ ಭೋಸರಿಯಲ್ಲಿ ಇಬ್ಬರಿಗೂ ಇರಲು ಒಂದು ಖೋಲಿ ಸಿಕ್ಕಿದೆಯಂತೆ, ನಾಡಿದ್ದು ಬಂದು ಕರೆದೊಯ್ಯುತ್ತಾನೆ. ರಾಧಿಕಾ ಹೋಗುತ್ತೇನೆ ಎಂದಳು. ಹೇಳಿ ನನ್ನ ಮುಖವನ್ನೇ ನೋಡಿದಳು. "ಹೋಗಿ ಬಾರವ್ವ" ಎಂದೆ. ಉಂಡಿ ಡಬ್ಬಿಗೆ ತುಂಬಿದ್ದೇನೆ, ನಿನಗೂ ಬರುತ್ತವೆ. ಸಂಜೆಯೊಳಗೆ ನಾವಿಬ್ಬರೂ ಸಾಲಿಗೆ ಹೋಗುತ್ತೇವೆ. ನಿನ್ನ ಕೀಲಿಕೈಯನ್ನೂ ಡಬ್ಬಿಯಲ್ಲೇ ಇಟ್ಟಿದ್ದೇನೆ. ಅದನ್ನು ನನ್ನ ಮೊಳೆಗೆ ವಾಪಸು ಕಳಿಸಬೇಡ.

ನಿನಗೆ, ಮಗಳಿಗೆ, ಮೊಮ್ಮಕ್ಕಳಿಗೆ ಬಸವಣ್ಣನ ಕಾಪು ಇರಲಿ. ಮಳೆಯಲ್ಲಿ ಮೆಟ್ಟಿಲು ಜಾರುತ್ತವೆ, ಗೋಡೆ ಹಿಡಿದು ಇಳಿ. ನೀನು ಇನ್ನು ಫೋನು ಮಾಡದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ
ದಾಕ್ಷಾಯಿಣಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ರಾಧಿಕಾಳ ಗಾಯಕ್ಕೆ ಪಟ್ಟಿ ಕಟ್ಟುತ್ತ, ಬೆಳಗ್ಗೆ ದೋಣಿ ಬಂದದ್ದು ನಿನಗೆ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದಳು: "ಗೊತ್ತಾತ್ರಿ. ಬಾಗಲದ ಹಿಂದ ನಿಂತಿದ್ದೆ. ಒದರಾಕ ಬಾಯಿ ತಗದಿದ್ದೆ, ಅಷ್ಟ್ರಾಗ ನಿಮ್ಮ ದನಿ ಕೇಳಿಸ್ತು. ಸುಮ್ನ ನಿಂತೆ. ನೀರು ಇನ್ನಾ ಮೊಣಕಾಲ ತನಕ ಅಷ್ಟ ಇತ್ತಲ್ರಿ ಅಕ್ಕೋರ, ಇಳೀತೈತಿ ಅನ್ಕೊಂಡೆ."

ನಿನ್ನ ತಮ್ಮನ ಈ ಮಗಳು ನಾಲ್ಕು ವರ್ಷ ನನ್ನ ತರಗತಿಯಲ್ಲಿ ಕಲಿತವಳು, ಶೆಟ್ಟೆವ್ವ. ನಾನು ಪಡಸಾಲೆಯಲ್ಲಿ ಮಾತಾಡುತ್ತ ಬಂದರೆ ಸಾಕು, ಒಳಗೆ ಅರವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಮೂವತ್ತಾರು ವರ್ಷ ಅದನ್ನು ನಾನು ನಿನ್ನ ಮುಂದೆ ಹೇಳಿಕೊಂಡು ನಗುತ್ತಿದ್ದೆ.